ಕೆಮ್ಮಿಲ್ಲದ ಮನೆ

"ಮನ್ಯಾಗ ಯಾರಿಗರ ಎರಡು ವಾರದ ಮ್ಯಾಲ ಕೆಮ್ಮು ಅದ ಏನ್ ತಂಗಿ?"

ಆಶಾ ಕಾರ್ಯಕರ್ತೆ ಹಂಪಮ್ಮ ಹೊಸ್ತಿಲಾಚೆ ನಿಂತು ಕೇಳಿದಳು. ಕಡೇಚೂರಿನ ಕಾರ್ಖಾನೆ ಕೂಲಿಗಳ ಖೋಲಿಗಳಲ್ಲಿ ಅವಳು ಆ ಮಂಗಳವಾರ ತಟ್ಟಿದ ಹನ್ನೆರಡನೆಯ ಬಾಗಿಲು ಅದು. ಅಂಜನಾ ಉತ್ತರ ಕೊಡುವ ಮೊದಲು ಒಳಗೆ ನೋಡಿದಳು. ಗಂಡ ಶಾಂತಕುಮಾರ ಬಾಯಿಗೆ ಟವೆಲ್ ಒತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕೆಮ್ಮು ಹತ್ತಿ ಮೂರು ತಿಂಗಳಾಗಿತ್ತು. ಹೋದ ವಾರದಿಂದ ಟವೆಲಿನಲ್ಲಿ ರಕ್ತವೂ ಕಾಣುತ್ತಿತ್ತು. ಈ ಮನುಷ್ಯ ತನಗೆ ಉಳಿಯುತ್ತಾನೋ ಇಲ್ಲವೋ ಎಂಬ ಭಯ ಅವಳನ್ನು ಹಗಲೆಲ್ಲ ಹಿಂಡುತ್ತಿತ್ತು.

ಆದರೆ ಹೇಳುವುದು ಹೇಗೆ? ಮಾತು ಆಡಿದರೆ ಹೋಯಿತು ಅನ್ನುತ್ತದೆ ಗಾದೆ. ಅವರು ಹೋಗುವ ಪ್ರಾರ್ಥನಾ ಸಭೆಯ ಪಾಸ್ಟರ್ ಅಯ್ಯನವರ ಪ್ರಕಾರ ಮಾತು ಆಡಿದರೆ ಬಂತು. ರೋಗ ಅಂದರೆ ರೋಗ ಬರುತ್ತದೆ, ಐಶ್ವರ್ಯ ಅಂದರೆ ಐಶ್ವರ್ಯ. ನಗು ಬರುವ ಮಾತೇ. ಆದರೆ ನಗುವವರು ಗಂಡಹೆಂಡತಿ ಮೊದಲ ಸಲ ಸಭೆಗೆ ಹೋದ ದಿನ ಅಲ್ಲಿರಬೇಕಿತ್ತು. ಜೀವಮಾನವಿಡೀ "ಏ" ಎಂದೇ ಕರೆಸಿಕೊಂಡವನನ್ನು ಅಯ್ಯನವರು ಮುಂದಿನ ಕುರ್ಚಿಯಲ್ಲಿ ಕೂಡಿಸಿ, ತಲೆಯ ಮೇಲೆ ಕೈಯಿಟ್ಟು, ನೀನು ಆಳಲ್ಲ, ಅರಸನ ಮಗ ಅಂದಿದ್ದರು. ಶಾಂತಕುಮಾರ ಬಿಕ್ಕಿಬಿಕ್ಕಿ ಅತ್ತಿದ್ದ. ವರ್ಷದೊಳಗೆ ಸ್ವಂತ ಟಂಟಂ ಆಟೋ ಓಡಿಸುತ್ತೀ ಎಂದೂ ನುಡಿದಿದ್ದರು. ಅಂದಿನಿಂದ ಗೋಡೆಯ ಮೊಳೆಗೆ ಹೊಸ ಕೀಚೈನು ತೂಗುತ್ತಿತ್ತು, ಕೀಲಿ ಇನ್ನೂ ಬಂದಿರಲಿಲ್ಲ.

ಅವನು ಹೊರಳಿ ಹೆಂಡತಿಯನ್ನು ನೋಡಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ, ಮೊರೆಯಿತ್ತು.

"ಎಲ್ಲಾರೂ ಆರಾಮ ಅದೀವ್ರಿ ಅಕ್ಕಾ," ಎಂದಳು ಅಂಜನಾ.

ಹಂಪಮ್ಮ ಏನೂ ಬರೆದುಕೊಳ್ಳಲಿಲ್ಲ. ಹಗ್ಗದ ಮೇಲೆ ಒಣಗುತ್ತಿದ್ದ ಟವೆಲುಗಳನ್ನು ನೋಡಿದಳು. ಅವುಗಳ ಕಲೆ ಪೂರ್ತಿ ಹೋಗಿರಲಿಲ್ಲ. ಚೀಲದಿಂದ ಕಫ ಪರೀಕ್ಷೆಯ ಡಬ್ಬಿಯೊಂದನ್ನು ತೆಗೆದು ಅಂಜನಾಳ ಕೈಗಿಟ್ಟಳು.

"ಮುಂಜಾನಿ ಎದ್ದ ಕೂಡ್ಲೆ ಇದರಾಗ ಉಗುಳಸು. ಗುಳಿಗಿ ಪುಕ್ಕಟ ಕೊಡ್ತಾರ, ಆರು ತಿಂಗಳು ನುಂಗಿದ್ರ ಬದುಕ್ತಾನ. ತಡಾ ಮಾಡಿದ್ರ ಕೈ ಮೀರ್ತದ. ಸೋಮಾರ ಬರ್ತೀನಿ."

ಪುಟ್ಟ ಡಬ್ಬಿ. ಮುಚ್ಚಳ ತಿರುವಿದರೆ ಹನಿಯೂ ಸೋರದು. ಅಂಜನಾ ಅದನ್ನು ಜೋಳದ ಹಿಟ್ಟಿನ ಡಬ್ಬದ ಹಿಂದೆ ಇಟ್ಟಳು. ಮೂರು ದಿನ ಬೆಳಿಗ್ಗೆ ಅದನ್ನು ಹಿಡಿದು ಅವನ ಮಗ್ಗುಲಲ್ಲಿ ಕೂತಳು, ಬಾಯಿ ಬರದೆ ಎದ್ದಳು. ಶನಿವಾರ ಅವನೇ ಕಂಡುಹಿಡಿದ. ಬೈಯಲಿಲ್ಲ. ಉಸಿರು ಕೂಡಿಸಿಕೊಂಡು ಮೆಲ್ಲಗೆ ಹೇಳಿದ:

"ಅದರಾಗ ಉಗುಳಿದ್ರ ರೋಗ ಒಪ್ಪಿಕೊಂಡಂಗ. ಬರೋ ಟಂಟಂನೂ ಬರಂಗಿಲ್ಲ. ಇಷ್ಟು ದಿನ ತಡದೀನಿ, ಈಗ ನೀನ ಕೆಡಸಬ್ಯಾಡ."

ಅವಳು ಹೂಂ ಅಂದಳು. ಅವನ ರೋಗಕ್ಕಿಂತ ತನ್ನ ಬಾಯಿಯೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಭಾನುವಾರ ಸಭೆಯಲ್ಲಿ ಅಭಿಷೇಕದ ಎಣ್ಣೆ ಹಂಚುವುದಿತ್ತು. ಅದನ್ನು ತುಂಬಿಸಿಕೊಳ್ಳಲು ಮನೆಯಿಂದ ಏನಾದರೂ ತರಬೇಕು ಎಂದು ಹೇಳಿಕಳಿಸಿದ್ದರು.

ಸೋಮವಾರ ಹಂಪಮ್ಮ ಬಂದಾಗ ಬಾಗಿಲು ತೆರೆದೇ ಇತ್ತು. ಅಂಜನಾ ಗಂಡನ ಎದೆಗೆ ಎಣ್ಣೆ ತಿಕ್ಕುತ್ತ ಕೂತಿದ್ದಳು, ತಲೆ ಎತ್ತಲಿಲ್ಲ. ದಿಂಬಿನ ಪಕ್ಕದಲ್ಲಿ ಆ ಡಬ್ಬಿ ಕಂಠದವರೆಗೆ ಎಣ್ಣೆ ತುಂಬಿಕೊಂಡು ನಿಂತಿತ್ತು. ಅದರ ಚೀಟಿಯಲ್ಲಿ ರೋಗಿಯ ಹೆಸರು ಬರೆಯುವ ಗೆರೆ ಖಾಲಿಯಾಗಿಯೇ ಇತ್ತು.