ಮುಕಂಬಿಲಾ ಎಷ್ಟು ಜನ?

"ಮಾವ, ಇನ್ನೊಂದು ಸಲ ಹೇಳು. ಲುವಾಪುಲಾ ನದಿ ದಾಟಿ ಈ ದಂಡೆಗೆ ಬಂದ ಮುಕಂಬಿಲಾ ಯಾರು?"

"ನಾನೇ ಕಣೋ."

ಚೋಲಾ ಟೇಪ್ ರೆಕಾರ್ಡರ್ ನಿಲ್ಲಿಸಿದ. ಮೂರು ದಿನದಿಂದ ಇದೇ ರಾಗ. ಊರ ಹಿರಿಯನಾದ ಸೋದರಮಾವನಿಂದ ಹಿಂದಿನ ಹಿರಿಯರ ಹೆಸರುಗಳನ್ನು ಸಾಲಾಗಿ ಬರೆದುಕೊಂಡು, ತಲೆಮಾರಿಗೆ ಇಪ್ಪತ್ತೇಳು ವರ್ಷದಂತೆ ಹಿಂದಕ್ಕೆ ಎಣಿಸಿದರೆ ನದಿ ದಾಟಿದ ಇಸವಿ ಸಿಗುತ್ತದೆಂದು ರಾಜಧಾನಿ ಲುಸಾಕಾದ ಪ್ರೊಫೆಸರರು ಹೇಳಿಕೊಟ್ಟಿದ್ದರು. ಲೆಕ್ಕ ಚೊಕ್ಕವಾಗಿಯೇ ಇತ್ತು. ಆದರೆ ಇಲ್ಲಿ ಸತ್ತವನ ಹೆಸರನ್ನು ಅವನ ಸೋದರಳಿಯ ಹೊರಬೇಕು. ಹೆಸರಿನ ಜೊತೆಗೆ ಅವನ ಹೆಂಡತಿ, ಜಗಳ, ನೆನಪು ಎಲ್ಲವನ್ನೂ. ಹಾಗಾಗಿ ಸಾಲಿನಲ್ಲಿ ಇದ್ದದ್ದು ಒಂದೇ ಹೆಸರು, ಮುಕಂಬಿಲಾ.

"ಹೋಗಲಿ, ಮಟಮಟ ಮಧ್ಯಾಹ್ನ ಸೂರ್ಯ ಕಪ್ಪಾದಾಗ ಇದ್ದವರ್ಯಾರು?"

"ಅದೂ ನಾನೇ. ಮೀನು ಸುಡ್ತಿದ್ದೆ. ಕತ್ತಲಲ್ಲಿ ಕೈ ಬೆಂಕಿಗೆ ಬಿತ್ತು, ನೋಡು."

ಮುದುಕ ಚಾಚಿದ ಅಂಗೈಯಲ್ಲಿ ಹಳೆಯ ಸುಟ್ಟ ಗುರುತಿತ್ತು. ಪ್ರೊಫೆಸರರು ಕೊಟ್ಟ ಗ್ರಹಣಗಳ ಪಟ್ಟಿಯ ಪ್ರಕಾರ ಅದು ಹಿಡಿದು ನೂರೈವತ್ತು ವರ್ಷವಾಗಿತ್ತು.

"ಹಾಗೆ ಕಣ್ಣು ಬಿಡ್ಬೇಡ್ವೋ ಪಂಡಿತ. ಇನ್ನು ಸ್ವಲ್ಪ ದಿನ ಅಷ್ಟೆ. ಆಮೇಲೆ ನಿನಗೇ ನೆನಪಾಗುತ್ತೆ."

ಆ ಹೆಸರು ಬರುವುದು ತನಗೇ ಎಂದು ಚೋಲಾನಿಗೆ ಗೊತ್ತಿತ್ತು. ಮನೆಗೆ ಹೋದವನೇ ತಾಯಿ ಬ್ವಾಲ್ಯಾಳ ಮುಂದೆ ಕೂತ.

"ಅಮ್ಮ, ನಾನು ಚೋಲಾ ಆಗಿಯೇ ಇರ್ತೀನಿ. ಹೆಸರು ಬೇರೆ ಯಾರಿಗಾದರೂ ಕೊಡಿ."

ಅವಳು ಮರಗೆಣಸಿನ ಮುದ್ದೆ ತಿರುವುತ್ತಲೇ ಇದ್ದಳು. "ಬೇರೆ ಯಾರಿದ್ದಾರೆ ಮಗಾ? ಹೆಸರು ಹೊರೋರಿಲ್ಲದಿದ್ರೆ ಅಣ್ಣ ಸತ್ಮೇಲೆ ದೆವ್ವವಾಗಿ ಹೊಲ ಹೊಲ ಅಲೀತಾನೆ. ನಿನ್ನ ಹೆತ್ತವಳು ನಾನು, ನನಗೇನು ಖುಷಿಯೇ?"

ಅದಾಗಿ ಒಂಬತ್ತನೆಯ ದಿನ ಮಾವ ತೀರಿಕೊಂಡ. ಮಣ್ಣು ಮಾಡಿ ಬಂದ ಹಿರಿಯರು ಚೋಲಾನನ್ನು ಚಾಪೆಯ ಮೇಲೆ ಕೂರಿಸಿ, ನೀರು ಕುಡಿಸಿ, ಮಾವನ ಬಿಲ್ಲನ್ನು ಕೈಗಿಟ್ಟರು. ನಾನು ಚೋಲಾ, ಒಲ್ಲೆ ಎಂದು ಎಲ್ಲರೆದುರೇ ಹೇಳಿ ಎದ್ದುಹೋಗುವುದೆಂದು ಅವನು ಗಟ್ಟಿ ಮನಸ್ಸು ಮಾಡಿದ್ದ. ಬಾಯಿ ತೆರೆಯುವಷ್ಟರಲ್ಲಿ ಬ್ವಾಲ್ಯಾ ಮಂಡಿಯೂರಿ ಮುಂದೆ ಬಂದಳು. ಬೆಳಿಗ್ಗೆಯಷ್ಟೇ ಗಂಜಿ ಕೊಟ್ಟು, "ಕುಡಿ ಮಗಾ" ಎಂದಿದ್ದವಳು ಈಗ ತಲೆ ತಗ್ಗಿಸಿ, ಕಟ್ಟಳೆಯಂತೆ ಮೆಲ್ಲಗೆ ಚಪ್ಪಾಳೆ ತಟ್ಟುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು.

"ಬಂದ್ಯಾ ಅಣ್ಣಾ?"

"ಬಂದೆ. ಅಳ್ಬೇಡ, ಮೀನ್ಮರಿ."

ಚಿಕ್ಕಂದಿನಲ್ಲಿ ಅಣ್ಣನೊಬ್ಬನೇ ಅವಳನ್ನು ಹಾಗೆ ಕರೆಯುತ್ತಿದ್ದ. ಮಗನಿಗೆ ಅವಳು ಅದನ್ನು ಎಂದೂ ಹೇಳಿರಲಿಲ್ಲ.

ಚಪ್ಪಾಳೆ ನಡುವಿನಲ್ಲೇ ನಿಂತಿತು. ಬ್ವಾಲ್ಯಾ ತಲೆಯೆತ್ತಿ, ಆ ಮುಖದಲ್ಲಿ ಮಗನನ್ನು ಹುಡುಕತೊಡಗಿದಳು.