ಹರಿಯದ ಅಂಗಿ

"ಏ ಸೂಜಿ, ಕೈಗೇನು ಲಕ್ವ ಹೊಡೆದಿದೆಯೇನೇ? ಆರು ಅಂಗಿ ಬಿಚ್ಚಿ ಹೊಲಿಯೋಕೆ ಅರ್ಧ ದಿನ ಬೇಕಾ ನಿಂಗೆ? ಆ ಕಡೆ ಲೈಟು ಉರೀತಿದೆ, ಈ ಕಡೆ ನನ್ನ ತಲೆ ಉರೀತಿದೆ."

ಧಾರಾವಾಹಿಯ ನಿರ್ದೇಶಕ ಬಾಗಿಲಿಂದಲೇ ಬೈದು ಹೋದ. ಹೊಲಿಗೆಯವಳಾದ್ದರಿಂದ ಎಲ್ಲರ ಬಾಯಲ್ಲೂ ಸೂಜಿಯೇ ಆಗಿದ್ದವಳು ತಲೆ ಎತ್ತಲಿಲ್ಲ. ಬಟ್ಟೆ ಕೋಣೆಗೆ ಕಿಟಕಿ ಇರಲಿಲ್ಲ. ಇಸ್ತ್ರಿಪೆಟ್ಟಿಗೆಯ ಹಬೆ, ಯಾರ್ಯಾರದೋ ಬೆವರು ಕುಡಿದ ಬಟ್ಟೆಗಳ ವಾಸನೆ. ಅವಳ ತುಟಿಗಳ ನಡುವೆ ನಾಲ್ಕು ಗುಂಡುಸೂಜಿಗಳಿದ್ದವು. ಮುಂದೆ ಒಂದೇ ಅಳತೆಯ ಆರು ಸೈನಿಕರ ಅಂಗಿಗಳು. ಭುಜದ, ಗುಂಡಿಪಟ್ಟಿಯ ಗಟ್ಟಿ ಹೊಲಿಗೆ ಬಿಚ್ಚಿ ಅಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಬೇಕು. ಖಳ ಕೈ ಹಾಕಿ ಎಳೆದ ಕೂಡಲೇ ಅಂಗಿ ಸರ್ರನೆ ಹರಿಯಬೇಕು. ಮೊದಲ ಶಾಟ್ ಸರಿಬರದಿದ್ದರೆ ಎರಡನೆಯ ಅಂಗಿ, ಆಮೇಲೆ ಮೂರನೆಯದು.

ಹನ್ನೊಂದು ವರ್ಷದ ಹಿಂದೆ ಸೂಜಿ ಅಂಥದ್ದೇ ಅಂಗಿ ತೊಟ್ಟವಳು. ನಿಜವಾದ್ದು. ನಿರ್ದೇಶಕನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಕೆಲಸ ಕೊಟ್ಟಿದ್ದ. ಟೋಪಿ ಎಷ್ಟು ವಾಲಬೇಕು, ಬೂಟಿನ ಲಾಡಿ ಎಲ್ಲಿ ಸಿಕ್ಕಿಸಬೇಕು ಎಂದು ಅವಳನ್ನು ಕೇಳುತ್ತಿದ್ದರು. ಮಿಕ್ಕದ್ದನ್ನು ಕೇಳುವುದಕ್ಕೆ ಕರ್ನಲ್ ಇದ್ದ.

ಕರ್ನಲ್ ನಿವೃತ್ತ. ಸೈನ್ಯದವರು ಶೂಟಿಂಗಿಗೆ ಲಾರಿ, ಮೈದಾನ ಬಿಟ್ಟುಕೊಟ್ಟಿದ್ದರು. ಅದಕ್ಕೆ ಬದಲಾಗಿ ಕಥೆ ತಿದ್ದಲು ಇವನನ್ನು ಕೂರಿಸಿದ್ದರು. ಮೊದಲು ಬರೆದಾಗ ಕಥೆಯ ಸೈನಿಕ ಹುಡುಗಿಯ ಮೇಲೆ ಕೈ ಹಾಕುವವನು ಅವಳ ಮೇಲಧಿಕಾರಿ. ಕರ್ನಲ್ ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದ್ದ.

"ಆಫೀಸರುಗಳು ಇಂಥ ಕೆಲಸ ಮಾಡಲ್ಲಪ್ಪ. ಅಡುಗೆಯವನು ಮಾಡಲಿ. ಆಫೀಸರ್ ಬಂದು ಕಾಪಾಡಲಿ. ಜನಕ್ಕೂ ಖುಷಿ, ನಮಗೂ ಮರ್ಯಾದೆ."

ಅಡುಗೆಯವನ ಪಾತ್ರಕ್ಕೆ ಕರಿಯನನ್ನು ಹಿಡಿದು ತಂದರು. ಅವನ ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ. ಕಳ್ಳ ಬೇಕೋ, ಕುಡುಕ ಬೇಕೋ, ಕಾಮುಕ ಬೇಕೋ, ಕರಿಯನ್ನ ಕರೀರಿ. "ಈ ಮೂತಿ ಒಂದಿದ್ರೆ ಸಾಕು, ನೋಡೋವ್ರಿಗೆ ಡೌಟೇ ಬರಲ್ಲ," ಎಂದಿದ್ದ ನಿರ್ದೇಶಕ, ದನದ ಹಲ್ಲು ನೋಡುವವನಂತೆ ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ.

ಈಗ ಕರಿಯ ಜಿಡ್ಡು ಮೆತ್ತಿದ ಏಪ್ರನ್ ಕಟ್ಟಿಕೊಂಡು ಬಾಗಿಲಲ್ಲಿ ನಿಂತ.

"ಅಕ್ಕಾ, ಹೊಲಿಗೆ ಸ್ವಲ್ಪ ಸಡ್ಲ ಇಡಕ್ಕ. ಜೋರಾಗಿ ಎಳೆದ್ರೆ ಆ ಹುಡುಗೀಗೆ ನೋವಾಗುತ್ತೆ. ಇಲ್ಲೀವರ್ಗೂ ಹದಿನಾಲ್ಕು ಜನಾನ ಕೆಡಿಸಿದೀನಿ, ಒಬ್ರ ಮೈಮೇಲೂ ಒಂದು ಗೀರು ಬಿದ್ದಿಲ್ಲ."

"ಎಂಥಾ ಮರ್ಯಾದಸ್ಥ ನೋಡು," ಎಂದಳು ಸೂಜಿ, ಗುಂಡುಸೂಜಿ ಕಚ್ಚಿದ ತುಟಿಯಂಚಿನಿಂದಲೇ.

"ನಗು ನಗು. ಟೀವೀಲಿ ನಾನು ಬಂದ ಕೂಡ್ಲೆ ನನ್ ಮಗ್ಳೇ ಆರಿಸ್ತಾಳೆ ಕಣಕ್ಕ."

ಅವನ ಹಿಂದೆಯೇ ನಾಯಕಿ ಬಂದಳು. ಇಪ್ಪತ್ತೆರಡು ವರ್ಷ ಇದ್ದೀತು. ಅಳತೆ ಕೊಡಲು ಕೈ ಅಗಲಿಸಿ ನಿಂತು ಮೆಲ್ಲಗೆ ಕೇಳಿದಳು: "ಅಕ್ಕಾ, ನೀವು ಸೈನ್ಯದಲ್ಲಿ ಇದ್ರಲ್ಲ. ಅಂಥಾ ಹೊತ್ನಲ್ಲಿ ಹೆಂಗೆ ಕಿರುಚ್ತಾರೆ? ಕರುಳು ಕಿತ್ತು ಬರೋ ಹಂಗೆ ಕಿರುಚು ಅಂತಾರೆ ಡೈರೆಕ್ಟರ್ ಸಾರ್. ನಂಗೆ ಬರ್ತಾನೇ ಇಲ್ಲ."

ಸೂಜಿ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಳು.

"ಕಿರುಚಲ್ಲ."

"ಅಂದ್ರೆ?"

"ನಮ್ಮ ಸಾಹೇಬ ಕುರ್ಚಿ ಮೇಲೆ ಕೂತೇ ಇದ್ದ. ಟೀ ಕುಡೀತಿದ್ದ. ಗುಂಡಿ ಬಿಚ್ಚು ಅಂದ. ದಿನಾ ಬೆಳಿಗ್ಗೆ ಆಜ್ಞೆ ಕೊಡ್ತಿದ್ನಲ್ಲ, ಅದೇ ದನಿ. ಬಿಚ್ಚಿದೆ. ಮಡಿಸಿಡು ಅಂದ. ಮಡಿಸಿಟ್ಟೆ. ಮೂಲೆಗೆ ಮೂಲೆ ಕೂಡ್ಸಿ, ಕಲಿಸಿದ್ರಲ್ಲ, ಹಂಗೆ."

ಹುಡುಗಿಯ ಕೈಗಳು ಅಗಲಿಸಿದಂತೆಯೇ ಗಾಳಿಯಲ್ಲಿ ನಿಂತವು. ಕರಿಯ ನೆಲ ನೋಡಿದ.

"ದೂರು ಕೊಟ್ಟೆ. ವಿಚಾರಣೆಗೆ ಐದು ಜನ ಕೂತ್ರು. ಒಬ್ಬ ನನ್ನಂಗೀನ ಕಿಟಕಿ ಬೆಳಕಿಗೆ ಹಿಡಿದ. ಭುಜ ನೋಡ್ದ, ಕಂಕುಳು ನೋಡ್ದ. ಒಂದು ದಾರಾನೂ ಕಿತ್ತಿಲ್ವಲ್ಲಮ್ಮ ಅಂದ. ಅಷ್ಟೇ. ಸಾಹೇಬ ಪ್ರಮೋಷನ್ ತಗೊಂಡು ಹೋದ, ನನ್ನನ್ನ ಕೆಲ್ಸದಿಂದ ಕಿತ್ತು ಮನೆಗೆ ಕಳಿಸಿದ್ರು." ಅವಳು ಟೇಪು ಸುತ್ತಿದಳು. "ಆ ಐದೂ ಜನರ ಮನೇಲಿ ಟೀವಿ ಇತ್ತಲ್ಲ ತಾಯಿ. ಹರಿದ ಅಂಗಿ ನೋಡೇ ಬೆಳೆದೋರು."

ಇಬ್ಬರೂ ಹೋದ ಮೇಲೆ ಸೂಜಿ ಕಚ್ಚಾ ದಾರದ ಉಂಡೆಯನ್ನು ಕಾಲಿನಿಂದ ಮೇಜಿನಡಿಗೆ ತಳ್ಳಿದಳು. ಡೇರೆ ಹೊಲಿಯುವ ನೈಲಾನ್ ದಾರವನ್ನು ಮಿಷನ್ನಿಗೆ ಏರಿಸಿದಳು. ಆರು ಅಂಗಿಗೂ ಮೂರು ಮೂರು ಸಾಲು ಹಾಕಿದಳು.

ಶಾಟ್ ಶುರುವಾಯಿತು. ಕರಿಯ ಎಳೆದ. ಅಂಗಿ ಹರಿಯಲಿಲ್ಲ, ಹುಡುಗಿಯೇ ಅಂಗಿಯ ಜೊತೆ ಬಂದು ಅವನ ಎದೆಗೆ ಬಡಿದಳು. ಯಾರೋ ಕಿಸಕ್ಕೆಂದರು. ಎರಡನೆಯ ಅಂಗಿ. "ಗಂಡಸಲ್ವೇನೋ ಬೋಳಿಮಗನೆ, ಎಳಿಯೋ," ಎಂದು ನಿರ್ದೇಶಕ ಕೂಗಿದ. ಮೂರನೆಯದನ್ನು ಕರಿಯ ಜಗ್ಗಿ ಎಳೆದಾಗ ಕಾಲರು ಹುಡುಗಿಯ ಕತ್ತಿಗೆ ಒತ್ತಿ ಕೆಂಪಗೆ ಬರೆ ಎದ್ದಿತು. ಅವಳು ನಿಜವಾಗಿ ಕಿರುಚಿದಳು. ಕರಿಯ ಬೆಂಕಿ ಮುಟ್ಟಿದವನಂತೆ ಕೈಬಿಟ್ಟ.

"ಆ ಬರೆ ಚೆನ್ನಾಗಿ ಬಂದಿದೆ, ಮೊದಲು ಅದನ್ನ ಹತ್ತಿರದಿಂದ ತೆಗೀರಿ," ಎಂದ ನಿರ್ದೇಶಕ. "ಆಮೇಲೆ ಆ ಸೂಜೀನ ಎಳ್ಕೊಂಡ್ ಬನ್ನಿ."

ಸೂಜಿ ತಾನೇ ಬಂದಳು. ಹುಡುಗಿಯ ಕತ್ತು ನೋಡಿದಳು. ಅದು ತನ್ನ ಹೊಲಿಗೆಯ ಗುರುತು.

"ಬೇಕೂಂತ ಮಾಡಿದ್ಯೇನೇ ಮುಂಡೇದೆ?"

"ಹೌದು ಸಾರ್. ಹರಿಯಲ್ಲ ಅದು."

ದೀಪಗಳ ಹಿಂದೆ ಕುರ್ಚಿಯಲ್ಲಿ ಕೂತಿದ್ದ ಕರ್ನಲ್ ಟೀ ಹೀರಿ ನಕ್ಕ. "ಅಂಗಿ ಹರೀದಿದ್ರೆ ಬಲಾತ್ಕಾರ ಅಂತ ಯಾರಮ್ಮ ನಂಬ್ತಾರೆ?"

"ನೀನೇ ತೊಟ್ಕೊಂಡು ನಿಲ್ಲೇ ಹಂಗಾದ್ರೆ," ಎಂದ ನಿರ್ದೇಶಕ. "ಹೆಂಗೆ ಹರಿಯಲ್ಲ ನೋಡೇಬಿಡೋಣ. ಕ್ಯಾಮೆರಾ ಓಡ್ಲಿ, ನಗೋಕಾದ್ರೂ ಆಗುತ್ತೆ."

ಎಲ್ಲರೂ ನಕ್ಕರು. ಸೂಜಿ ನಾಲ್ಕನೆಯ ಅಂಗಿಯನ್ನು ತನ್ನ ಬಟ್ಟೆಯ ಮೇಲೆಯೇ ತೊಟ್ಟು ಕತ್ತಿನವರೆಗೂ ಗುಂಡಿ ಹಾಕಿಕೊಂಡಳು. ಹಿಮ್ಮಡಿಗಳು ಕವಾಯತಿನಲ್ಲಿ ನಿಂತಂತೆ ತಾವಾಗಿ ಕೂಡಿದವು.

"ಎಳಿಯೋ," ಎಂದ ನಿರ್ದೇಶಕ.

ಕರಿಯ ಏಪ್ರನ್ ಬಿಚ್ಚಿ ನೆಲಕ್ಕೆ ಹಾಕಿದ. "ಅಡುಗೆಯವನು ಮಾಡಿದ್ದಲ್ಲ ಸಾರ್ ಇದು."

ನಗು ನಿಂತಿತು. ಸೂಜಿ ಕರ್ನಲನ ಕುರ್ಚಿಯವರೆಗೆ ನಡೆದು, ಮೂರು ಹೆಜ್ಜೆ ಉಳಿದಿರುವಾಗ ನೆಟ್ಟಗೆ ನಿಂತಳು. ಕ್ಯಾಮೆರಾ ಅವಳ ಹಿಂದೆಯೇ ತಿರುಗಿತು.

"ಏಳ್ಬೇಡಿ ಸಾರ್. ನಮ್ಮ ಸಾಹೇಬನೂ ಎದ್ದಿರ್ಲಿಲ್ಲ. ಟೀನೂ ಕೈಯಲ್ಲೇ ಇರ್ಲಿ. ಈಗ ಹೇಳಿ, ಗುಂಡಿ ಬಿಚ್ಚು ಅನ್ನಿ."

ಕರ್ನಲನ ಟೀ ಕಪ್ ಸಾಸರಿಗೆ ತಾಗಿ ಸದ್ದಾಯಿತು. "ಏನಿದು ಅಸಭ್ಯತನ. ಆರಿಸ್ರಿ ಆ ಕ್ಯಾಮೆರಾನ."

ಕ್ಯಾಮೆರಾದವನು ಕಣ್ಣು ಗಾಜಿನಿಂದ ತೆಗೆಯಲಿಲ್ಲ. ಕತ್ತು ಹಿಡಿದುಕೊಂಡು ಹುಡುಗಿ ಬಂದು ಅವನ ಪಕ್ಕ ನಿಂತಳು.

"ಆಜ್ಞೆ ಬರೋವರ್ಗೂ ನಿಂತಿರ್ತೀನಿ ಸಾರ್," ಎಂದಳು ಸೂಜಿ. "ಅಭ್ಯಾಸ ಇದೆ."

ಮೊದಲ ಗುಂಡಿಯ ಮೇಲೆ ಎರಡು ಬೆರಳಿಟ್ಟು ಅವಳು ನಿಂತೇ ಇದ್ದಳು. ಕರ್ನಲನ ಕಣ್ಣು ಕ್ಯಾಮೆರಾದ ಕೆಂಪು ದೀಪದ ಮೇಲಿತ್ತು. ಅವನ ಟೀ ಮೇಲೆ ಕೆನೆ ಕಟ್ಟತೊಡಗಿತು.