ರೋಸಿನ ಹಸಿರು ಬಟ್ಟಲು

ಬೋಳಾರದ ಬೊನಿಫಾಸ್ ಪೊರ್ಬುಗಳ ಬಾಯಿ ಸಾಮಾನ್ಯದ ಬಾಯಿಯಲ್ಲ. ಅವರು ಹಂಪನಕಟ್ಟೆಯಲ್ಲಿ ನಿಂತು ತಮ್ಮ ನೆಗಡಿಯ ಸುದ್ದಿ ಹೇಳತೊಡಗಿದರೂ ಕದ್ರಿಗೆ ಹೋಗುವ ಬಸ್ಸು ನಿಂತು, ಪೂರ್ತಿ ಕೇಳಿಕೊಂಡು, ಆಮೇಲೆ ಗುಡ್ಡ ಹತ್ತುತ್ತಿತ್ತು. ಅವರು ಒಮ್ಮೆ ಗಾಳ ಹಾಕಿ ಹಿಡಿದ ಕಾಣೆಮೀನು ಪ್ರತಿ ಸಲ ಹೇಳುವಾಗಲೂ ಒಂದೊಂದು ಮೊಳ ಬೆಳೆದು, ಕೊನೆಗೆ ನೇತ್ರಾವತಿಯಲ್ಲಿ ಹಿಡಿಸದೆ ಸಮುದ್ರಕ್ಕೆ ಬಿಡಾರ ಬದಲಿಸಬೇಕಾಯಿತು. ‘ನನಗೆ ಗೊತ್ತಿಲ್ಲ’ ಎಂಬ ಮಾತು ಈ ಬಾಯಿಂದ ಹೊರಟದ್ದನ್ನು ಹೆಂಡತಿ ರೊಸಾಲಿನ್ ಮದುವೆಯಾದಂದಿನಿಂದ ಕೇಳಿರಲಿಲ್ಲ.

ಇಂಥ ಬಾಯಿಗೆ ಜೊತೆಯಾಗಿರಲಿ ಎಂದು ದೇವರು ಒಂದು ಗಾಜಿನ ಹುಚ್ಚನ್ನೂ ಕೊಟ್ಟಿದ್ದ. ಪೊರ್ಬುಗಳು ಹೆಂಚಿನ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಅಲ್ಲಿನ ಎಂಜಿನಿಯರ್ ದೊರೆ ಯುದ್ಧ ಮುಗಿದ ಮೇಲೆ ಊರು ಬಿಡುವಾಗ ಇವರ ಕೈಗೆ ಎಳೆನಿಂಬೆ ಬಣ್ಣದ ಒಂದು ಉಪ್ಪಿನ ಬಟ್ಟಲು ಇಟ್ಟು, “ಈ ಗಾಜಿಗೆ ಯುರೇನಿಯಂ ಬೆರೆಸಿದ್ದಾರೆ. ಮುಸ್ಸಂಜೆಗೆ ಹೊರಗೆ ಹಿಡಿದು ನೋಡು,” ಎಂದಿದ್ದ. ನೋಡಿದರು. ಸೂರ್ಯ ಮುಳುಗಿದ ಮೇಲೆ, ದೀಪ ಹಚ್ಚುವ ಮೊದಲು, ಆಕಾಶದಲ್ಲಿ ಬರೀ ನೀಲಿ ಉಳಿಯುವ ಸ್ವಲ್ಪ ಹೊತ್ತು ಉಂಟಲ್ಲ, ಆಗ ಬೇರೆ ಗಾಜೆಲ್ಲ ಕಪ್ಪಾಗಿ ಕುಳಿತರೆ ಇದೊಂದು ಒಳಗಿನಿಂದ ಹಸಿರಾಗಿ ಹೊಳೆಯಿತು. ಜಗತ್ತಿನ ಮಿಂಚುಹುಳಗಳೆಲ್ಲ ಸಭೆ ಸೇರಿ ಅದರೊಳಗೆ ಕುಳಿತಂತೆ. ಅಂದಿನಿಂದ ಪೊರ್ಬುಗಳು ಮನುಷ್ಯರಾಗಿ ಉಳಿಯಲಿಲ್ಲ.

ಕಷ್ಟ ಏನೆಂದರೆ, ಇಗರ್ಜಿಯ ಸಂಜೆಗಂಟೆ ಹೊಡೆದು ಮನೆಮಂದಿಯೆಲ್ಲ ತೇರ್ಸ್ ಹೇಳಲು ಜಪಸರ ಹಿಡಿದು ಕೂರುವುದೂ ಅದೇ ಹೊತ್ತಿಗೆ.

“ಎಲ್ಲರೂ ಮೊಣಕಾಲೂರುವಾಗ ನಿಮ್ಮದೊಂದು ಜಗಲಿಯಲ್ಲಿ ಗ್ಲಾಸ್ ಎತ್ತುವುದು,” ಎಂದು ರೊಸಾಲಿನ್ ರೇಗುತ್ತಿದ್ದರು. “ದೇವರಿಗೆ ಎಂತ, ಚಿಯರ್ಸ್ ಹೇಳುವುದಾ?”

ಮಗಳು ಡಾಲಿ ಮಾತ್ರ ಒಂದು ಕಣ್ಣು ಶಿಲುಬೆಯ ಮೇಲೆ, ಇನ್ನೊಂದು ಜಗಲಿಯ ಮೇಲೆ ಇಟ್ಟೇ ಪ್ರಾರ್ಥಿಸುತ್ತಿದ್ದಳು. ಆಮೆನ್ ಆದದ್ದೇ ಓಡಿ ಬಂದು, “ಪಪ್ಪಾ, ಎದ್ದಿತಾ?” ಎನ್ನುತ್ತಿದ್ದಳು. ಗಾಜು ಹೊಳೆದರೆ ಅಪ್ಪ ಮಗಳ ಭಾಷೆಯಲ್ಲಿ ಅದು ‘ಎದ್ದಿತು’. ಹೊಳೆಯದಿದ್ದರೆ ‘ಮಲಗಿತು’. ಲಂಗದ ಕಾಲದಿಂದ ಸೀರೆಯ ಕಾಲದವರೆಗೂ ಈ ಪ್ರಶ್ನೆ ಬದಲಾಗಲಿಲ್ಲ.

ಗಾಜು ಸಿಗುತ್ತಿದ್ದದ್ದು ಬಂದರಿನ ರವೂಫನ ಗುಜರಿ ಅಂಗಡಿಯಲ್ಲಿ.

“ಪೊರ್ಬುಗಳೇ, ನೀವು ಯಾವಾಗಲೂ ನಾನು ಬಾಗಿಲು ಹಾಕುವ ಹೊತ್ತಿಗೇ ಬರ್ತೀರಲ್ಲ,” ಎಂದು ರವೂಫ್ ಹೇಳಿದರೆ, ಪೊರ್ಬುಗಳು, “ನಿನ್ನ ಗಾಜು ಹಗಲಿಗೆ ಸುಳ್ಳು ಹೇಳ್ತದೆ ಮಾರಾಯ. ಮುಸ್ಸಂಜೆಗೆ ಮಾತ್ರ ನಿಜ,” ಎನ್ನುತ್ತಿದ್ದರು.

“ಗಾಜಿಗಾದರೂ ಒಂದು ಹೊತ್ತು ಉಂಟು. ನೀವು ನಿಜ ಹೇಳುವುದು ಯಾವ ಹೊತ್ತಿಗೆ?”

ಹೀಗೆ ಕಪಾಟು ತುಂಬಿತು. ಅತ್ತರಿನ ಕುಪ್ಪಿಗಳು, ಹೂದಾನಿಗಳು, ವೈನಿನ ಗ್ಲಾಸುಗಳು, ಕುತ್ತಿಗೆ ಮುರಿದ ಒಂದು ಹಂಸ. ಆ ಹಂಸ ಯಾವುದೋ ಮಹಾರಾಣಿಯ ಊಟದ ಮೇಜಿನಿಂದ ಹಾರಿಬಂದದ್ದು, ದಾರಿಯಲ್ಲಿ ಸೂಯೆಜ್ ಕಾಲುವೆಗೆ ಕುತ್ತಿಗೆ ತಾಗಿ ಮುರಿಯಿತು ಎಂದು ಪೊರ್ಬುಗಳು ಹೇಳುತ್ತಿದ್ದರು. ಕಪಾಟಿನಲ್ಲಿ ಇಲ್ಲದ್ದು ಒಂದೇ: ಎರಡು ಕೈ ತುಂಬುವಂಥ ದೊಡ್ಡ ಬಟ್ಟಲು. ಅದು ಅವರ ಕನಸಿನಲ್ಲಿ ಬಂದು ಹೋಗುತ್ತಿತ್ತು, ಕೈಗೆ ಬರಲಿಲ್ಲ.

ಐವತ್ತೆಂಟನೇ ಇಸವಿಯಲ್ಲಿ ಡಾಲಿಗೆ ಕದ್ರಿಯಿಂದ ಸಂಬಂಧ ಬಂತು. ಹುಡುಗ ಯೂಸ್ಟೇಸ್, ಬಸ್ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ. ಮಾತು ತಂದವನು ಮದುವೆ ದಲ್ಲಾಳಿ ಕಜೆಟನ್. ಹುಡುಗನ ತಾಯಿ ಒಲಿಂಡಾ ಬಾಯಿ ಮಗನನ್ನು ಕರೆದುಕೊಂಡು ಬಂದು ಹುಡುಗಿಯನ್ನು ನೋಡಿದರು, ಮೆಚ್ಚಿದರು. ಡಾಲಿ ಯೂಸ್ಟೇಸನನ್ನು ನೋಡಿದ ರೀತಿಗೆ ನಡುವೆ ಇದ್ದ ರವೆ ಉಂಡೆ ಬೆಣ್ಣೆಯಂತೆ ಕರಗಿತು. ಎಲ್ಲ ಮುಗಿಯಿತು ಎನ್ನುವಾಗ ಪೊರ್ಬುಗಳು ದ್ರಾಕ್ಷಿಯ ವೈನನ್ನು ತಮ್ಮ ಹಸಿರು ಗ್ಲಾಸಿನಲ್ಲಿ ತಂದರು. ತಂದು ಸುಮ್ಮನಿದ್ದರೆ ಆಗುತ್ತಿತ್ತು.

“ಬಾಯಿ, ಈ ಗ್ಲಾಸಿನಲ್ಲಿ ಯುರೇನಿಯಂ ಉಂಟು,” ಎಂದರು. “ಜಪಾನಿನ ಮೇಲೆ ಬಿತ್ತಲ್ಲ, ಆ ಬಾಂಬಿನದ್ದೇ ಜಾತಿ. ನನ್ನ ಕಪಾಟಿನಲ್ಲಿ ಇರುವುದು ಸಾಕು, ಮಂಗಳೂರನ್ನು ಎತ್ತಿ ಉಡುಪಿಯಲ್ಲಿ ಇಡಬಹುದು.”

ತುಟಿಯ ಹತ್ತಿರ ಹೋಗಿದ್ದ ಗ್ಲಾಸನ್ನು ಒಲಿಂಡಾ ಬಾಯಿ ಮಲಗಿದ ಮಗುವಿನಂತೆ ಮೆಲ್ಲಗೆ ಕೆಳಗಿಟ್ಟರು. ಛತ್ರಿ ತೆಗೆದುಕೊಂಡರು. ಹೊರಟರು.

ಮರುದಿನ ಕಜೆಟನ್ ಬಂದ. ಅವನ ಮುಖ ಸತ್ತವರ ಮನೆಯಿಂದ ಎದ್ದು ಬಂದಂತಿತ್ತು. “ಒಲಿಂಡಾ ಬಾಯಿಗೆ ಹುಡುಗಿ ಒಪ್ಪಿಗೆ. ಆದರೆ ಬಾಂಬಿನ ಮನೆಯಿಂದ ಸೊಸೆ ತರುವುದಿಲ್ಲ ಹೇಳ್ತಾರೆ. ನಾಳೆ ಮೊಮ್ಮಕ್ಕಳು ಇಲ್ಲಿಗೇ ಅಲ್ವಾ ಬರುವುದು? ಗಾಜು ಹೋಗಬೇಕು. ಮತ್ತೆ ಆ ಯುರೇನಿಯಂ ಎಂಬ ಹೆಸರು ಅವರ ಎದುರು ಇನ್ನು ಬಿದ್ದರೆ ಸಂಬಂಧ ಅಲ್ಲಿಗೇ ಮುಗೀತು.”

ಬರೀ ಗಾಜು, ಅದರಿಂದ ಎಂತದೂ ಆಗುವುದಿಲ್ಲ ಎಂದು ಪೊರ್ಬುಗಳು ಹೇಳಿ ನೋಡಿದರು. ಆದರೆ ಅವರ ಬಾಯಿ ಮೊದಲ ಸಲ ನಿಜ ಹೇಳಿದರೆ ನಂಬುವವರು ಯಾರು?

ಡಾಲಿ ಗಾಜು ಕೊಟ್ಟುಬಿಡಿ ಎಂದು ಕೇಳಲಿಲ್ಲ. ಸಂಜೆ ಎಂದಿನಂತೆ ಜಗಲಿಗೆ ಬಂದು, “ಪಪ್ಪಾ, ಎದ್ದಿತಾ?” ಎಂದಳು, ಅಷ್ಟೆ. ದನಿ ಮಾತ್ರ ಸ್ವಲ್ಪ ಒದ್ದೆಯಾಗಿತ್ತು. ಪೊರ್ಬುಗಳು ಆ ವಾರವೇ ಗಾಜನ್ನೆಲ್ಲ ಬೈಹುಲ್ಲಿನಲ್ಲಿ ಸುತ್ತಿ, ಹಂಸವನ್ನು ಮಡಿಲಲ್ಲಿ ಇಟ್ಟುಕೊಂಡು, ಎತ್ತಿನಗಾಡಿಯಲ್ಲಿ ರವೂಫನ ಅಂಗಡಿಗೆ ಹೋದರು. ಅಂದು ಅವರ ಕಣ್ಣಿನಿಂದ ಹರಿದ ನೀರಿಗೆ ಬಂದರಿನಲ್ಲಿ ಮಂಜಿ ದೋಣಿಗಳು ತೇಲಿ ಎದ್ದವು ಎನ್ನುತ್ತಾರೆ. ಎನ್ನುವವರು ಪೊರ್ಬುಗಳೇ.

“ನಾನು ಇದನ್ನು ಮಾರುವುದಿಲ್ಲ,” ಎಂದ ರವೂಫ್. “ಹಿಂದಿನ ಕೋಣೆಯಲ್ಲಿ ಇರಲಿ. ನೀವು ಬಾಗಿಲು ಹಾಕುವ ಹೊತ್ತಿಗೆ ಬಂದು ನೋಡಿ.”

ಮದುವೆ ಗೊತ್ತಾಯಿತು. ಮುನ್ನಾದಿನ ರೋಸ್. ಮದುಮಗಳ ತಲೆಗೆ ಹಿರಿಯರು ತೆಂಗಿನಹಾಲು ಎರೆದು ಹರಸುವ ಶಾಸ್ತ್ರ. ಬೋಳಾರದ ಮನೆಯಂಗಳದಲ್ಲಿ ಚಪ್ಪರ ಎದ್ದಿತ್ತು. ರೊಸಾಲಿನ್ ಬೆಳಗ್ಗೆಯೇ ಗಂಡನನ್ನು ಮೂಲೆಗೆ ಕರೆದು, “ಒಂದು ದಿವಸ. ನಿಮ್ಮ ಬಾಯಿಯಿಂದ ಆ ಶಬ್ದ ಬರಬಾರದು. ಬರ್ತದೆ ಅಂತಾದ್ರೆ ಬಾಯಿಗೆ ಒಂದು ಇಡೀ ಸಣ್ಣ ತುರುಕಿಕೊಳ್ಳಿ,” ಎಂದಿದ್ದರು. ಸಣ್ಣ ಎಂದರೆ ಕಳ್ಳು ಹಾಕಿ ಉಬ್ಬಿಸುವ ಇಡ್ಲಿ. ಅದು ಬಾಯಲ್ಲಿದ್ದರೆ ಬಿಷಪರೂ ಮಾತಾಡಲಾರರು.

ಒಲಿಂಡಾ ಬಾಯಿ ಸಂಜೆಗೆ ಕೆಂಪು ರೇಷ್ಮೆ ಪಟ್ಟೆಯಲ್ಲಿ ಸುತ್ತಿದ ಗಂಟು ಹಿಡಿದು ಬಂದರು. “ನಮ್ಮ ಮನೆಗೆ ಬರುವ ಸೊಸೆಗೆ ಮೊದಲ ರೋಸ್ ನಮ್ಮ ಬಟ್ಟಲಿನಿಂದಲೇ ಆಗಬೇಕು,” ಎಂದರು. “ನನ್ನ ಅತ್ತೆಯ ಅತ್ತೆಯಿಂದ ಬಂದ ಕ್ರಮ.” ಗಂಟಿನೊಳಗೆ ಎಂತದೋ ಹಳೆಯ ಪಾತ್ರೆ. ಅದಕ್ಕೆ ತೆಂಗಿನಹಾಲು ತುಂಬಿದರು. ಡಾಲಿ ಮಣೆಯ ಮೇಲೆ ಕುಳಿತಳು. ಅಷ್ಟರಲ್ಲಿ ಇಗರ್ಜಿಯ ಗಂಟೆ ಹೊಡೆಯಿತು.

ಪೆಟ್ರೋಮ್ಯಾಕ್ಸ್ ಹಚ್ಚಬೇಕಾದ ಕೆಲಸದಾಳು ಮುದ್ದು ಅದಕ್ಕೆ ಗಾಳಿ ಹೊಡೆದೇ ಹೊಡೆದ. ಅದು ಕೆಮ್ಮಿತು, ಉರಿಯಲಿಲ್ಲ. ಆಕಾಶದಲ್ಲಿ ಬರೀ ನೀಲಿ ಉಳಿಯಿತು.

ಆಗ ಬಟ್ಟಲು ಎದ್ದಿತು.

ಎರಡು ಕೈ ತುಂಬುವ ಬಟ್ಟಲು. ಬಿಳಿ ಹಾಲಿನ ಸುತ್ತ ಹಸಿರು ಬೆಳಕಿನ ಬಳೆ. ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡರು. ಮದುವೆಯ ಹಾಡು ವೊವಿಯೊ ಹಾಡುತ್ತಿದ್ದ ಅಜ್ಜಿಯರ ರಾಗ ಅರ್ಧಕ್ಕೇ ನಿಂತಿತು.

“ನೋಡಿ,” ಎಂದರು ಒಲಿಂಡಾ ಬಾಯಿ. “ಮನಸ್ಸಿಗೆ ಬಂದ ಸೊಸೆಯಾದರೆ ಮಾತೆ ಮರಿಯಮ್ಮ ಈ ಬಟ್ಟಲಿಗೆ ಇಳಿದು ಬರ್ತಾಳೆ. ನನ್ನ ರೋಸಿಗೂ ಹೀಗೇ ಆದದ್ದು.”

ಪೊರ್ಬುಗಳ ಎದೆಯಲ್ಲಿ ಇಡೀ ಮಂಗಳೂರಿನ ಗಂಟೆಗಳು ಒಟ್ಟಿಗೆ ಹೊಡೆದವು. ಅವರ ಕನಸಿನ ಬಟ್ಟಲು ಮಗಳ ತಲೆಯ ಮೇಲೆ ಹೊಳೆಯುತ್ತಿತ್ತು. ಆ ಶಬ್ದ ಹೊಟ್ಟೆಯಿಂದ ಹೊರಟು, ಗಂಟಲಿಗೆ ಬಂದು, ಹಲ್ಲಿನ ಹಿಂದೆ ಬಂದು ನಿಂತಿತು. ಸುತ್ತ ನೋಡಿದರು. ಸಣ್ಣದ ಬುಟ್ಟಿ ದೂರದಲ್ಲಿತ್ತು. ರೊಸಾಲಿನ್ ಕಣ್ಣು ಮುಚ್ಚಿ ಯಾವುದೋ ಸಂತರನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಒಲಿಂಡಾ ಬಾಯಿ ಇವರ ಕಡೆಗೇ ತಿರುಗಿದರು. “ನೀವು ಗಾಜು ತಿಳಿದವರು. ಹೇಳಿ, ಇದು ಯಾವ ಗಾಜು?”

ಚಪ್ಪರದ ಅಡಿ ಎಷ್ಟು ಮೌನವಾಯಿತೆಂದರೆ ನದಿಯಾಚೆ ಉಳ್ಳಾಲದಲ್ಲಿ ಬೆಕ್ಕೊಂದು ಬಾಲ ಅಲ್ಲಾಡಿಸಿದ್ದು ಕೇಳಿತು. ಡಾಲಿ ಮಣೆಯಿಂದ ಮುಖ ಎತ್ತಿ ಅಪ್ಪನನ್ನು ನೋಡಿದಳು. ಅವಳಿಗೆ ಗೊತ್ತಿತ್ತು. ಪಾಪ, ಈ ಅಪ್ಪನ ಮಗಳಲ್ಲವೇ?

“ಬಾಯಿ,” ಎಂದರು ಬೊನಿಫಾಸ್ ಪೊರ್ಬುಗಳು. ನಿಂತರು. ಉಗುಳು ನುಂಗಿದರು. ಉಗುಳಿನ ಜೊತೆ ಆ ಶಬ್ದವನ್ನೂ ನುಂಗಿದರು. “ನನಗೆ ಗೊತ್ತಿಲ್ಲ.”

ರೊಸಾಲಿನ್ ಹಿಡಿದುಕೊಂಡಿದ್ದ ಸಂತರನ್ನು ಕೈಬಿಟ್ಟು ಕಣ್ಣು ತೆರೆದರು.

“ಇಂಥ ಬೆಳಕು ನನ್ನ ಕಪಾಟಿನಲ್ಲಿ ಇರಲಿಲ್ಲ,” ಎಂದು ಪೊರ್ಬುಗಳು ಮುಂದುವರಿಸಿದರು, ಅದು ಸುಳ್ಳೂ ಆಗಿರಲಿಲ್ಲ. ಹಾಲನ್ನು ಬೊಗಸೆಯಲ್ಲಿ ತೆಗೆದುಕೊಂಡು ಮಗಳ ತಲೆಗೆ ಎರೆದರು. ಹಣೆಯಿಂದ ಇಳಿಯುವ ಹಾಲಿನ ನಡುವೆ ಡಾಲಿ ತುಟಿ ಅಲ್ಲಾಡಿಸಿದಳು:

“ಪಪ್ಪಾ, ಎದ್ದಿತು.”

ಅದೇ ಹೊತ್ತಿಗೆ ಪೆಟ್ರೋಮ್ಯಾಕ್ಸ್ ಧಗ್ಗನೆ ಉರಿಯಿತು. ಬಟ್ಟಲು ಬರೀ ಬಟ್ಟಲಾಯಿತು.

ಮದುವೆಯಾಗಿ ಎರಡನೆಯ ಭಾನುವಾರ ಕದ್ರಿಯಿಂದ ಕರೆ ಬಂತು: ದೀಪ ಹಚ್ಚುವ ಮೊದಲು ಬನ್ನಿ. ಪೊರ್ಬುಗಳು ಹೋದಾಗ ಡಾಲಿ ಬಟ್ಟಲನ್ನು ಜಗಲಿಯ ಕಟ್ಟೆಯ ಮೇಲೆ ಇಟ್ಟಿದ್ದಳು. ಒಲಿಂಡಾ ಬಾಯಿ ಪಕ್ಕದಲ್ಲಿ ಕುಳಿತು ಬೀಗರಿಗೆ ಪವಾಡದ ಕಥೆ ಹೇಳತೊಡಗಿದರು. ಕಾಲು ಭಾಗ ಕೇಳುವಾಗಲೇ ಪೊರ್ಬುಗಳಿಗೆ ತಮ್ಮ ಕಾಣೆಮೀನು ನೆನಪಾಯಿತು. ಇದೂ ಮೊಳ ಮೊಳ ಬೆಳೆಯುವ ಜಾತಿ.

“ನನ್ನ ಅತ್ತೆಯ ಕಾಲದಲ್ಲಿ ಈ ಬೆಳಕಿನಲ್ಲಿ ಪೇಪರ್ ಓದ್ತಿದ್ದರು, ಗೊತ್ತುಂಟಾ?” ಎಂದರು ಒಲಿಂಡಾ ಬಾಯಿ.

ಡಾಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗಾಜು ಎದ್ದು ಹೊಳೆಯುತ್ತಿತ್ತು.

“ಪೇಪರ್ ಎಂತದು ಬಾಯಿ,” ಎಂದರು ಪೊರ್ಬುಗಳು, ಕುರ್ಚಿಯನ್ನು ಹತ್ತಿರ ಎಳೆದುಕೊಂಡು. “ಬೈಬಲ್ಲೇ ಓದಿರಬೇಕು. ಅದರ ಅಕ್ಷರ ಇನ್ನೂ ಸಣ್ಣ.”